‘ಹ್ಯಾವಿಂಗ್’ ಎಲ್ಲಿ ಸರಿ, ಎಲ್ಲಿ ತಪ್ಪು? ಜೊತೆಗೆ ‘ಹೊಂದಿದ್ದಾರೆ’ ಬಗ್ಗೆ ಒಂದು ಪ್ರಶ್ನೆ

ಗೆಳೆಯರೇ,

ಪಿಯುಸಿ ಓದುವ ಅಕ್ಕನ ಮಗಳು ಮೊನ್ನೆ ಕೇಳಿದ ಪ್ರಶ್ನೆ ಇದು. ‘ಐ ಆಮ್ ಹ್ಯಾವಿಂಗ್ ಲಂಚ್’ ಸರಿಯಂತೆ. ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ತಪ್ಪಂತೆ. ಎರಡರಲ್ಲೂ ಇರುವುದು ಅದೇ ಹ್ಯಾವಿಂಗ್ ತಾನೇ? ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬೆಳೆಸಿ ಬರೆಯುತ್ತಿದ್ದೇನೆ. ಕೊನೆಗೆ ನನ್ನದೂ ಒಂದು ಪ್ರಶ್ನೆ ಇದೆ, ಅದು ಕನ್ನಡದ್ದು.

ಇಂಗ್ಲಿಷಿನ ಹ್ಯಾವ್ ನೋಡಲು ಒಂದೇ ಪದ, ಮಾಡುವ ಕೆಲಸ ಮಾತ್ರ ಹಲವು. ಅಣ್ಣ ಇದ್ದಾನೆ, ಕಾರಿದೆ, ಜ್ವರ ಇದೆ ಎನ್ನುವುದಕ್ಕೂ ಅದೇ. ಊಟ ಮಾಡುವುದು, ಸ್ನಾನ ಮಾಡುವುದು, ಮೀಟಿಂಗ್ ನಡೆಸುವುದು, ಇದಕ್ಕೂ ಅದೇ. ಮೊದಲನೆಯದು ಇರುವ ಸಂಗತಿ, ಎರಡನೆಯದು ನಡೆಯುವ ಕೆಲಸ. ನಡೆಯುವ ಕೆಲಸಕ್ಕೆ ‘ಇಂಗ್’ ಹತ್ತುತ್ತದೆ, ಸುಮ್ಮನೆ ಇರುವುದಕ್ಕೆ ಹತ್ತುವುದಿಲ್ಲ. ಆದ್ದರಿಂದ ‘ಐ ಹ್ಯಾವ್ ಟೂ ಬ್ರದರ್ಸ್’, ‘ಐ ಹ್ಯಾವ್ ಎ ಫೀವರ್’. ಬಸ್ಸಿನಲ್ಲಿ ಚಿಲ್ಲರೆ ಕೇಳುವಾಗ ‘ಆರ್ ಯು ಹ್ಯಾವಿಂಗ್ ಚೇಂಜ್’ ಅಲ್ಲ, ‘ಡು ಯು ಹ್ಯಾವ್ ಚೇಂಜ್’. ಬ್ರಿಟಿಷರು ‘ಹ್ಯಾವ್ ಯು ಗಾಟ್ ಚೇಂಜ್’ ಎಂದೂ ಕೇಳುತ್ತಾರೆ. ನೋ (ಗೊತ್ತಿರು), ಓನ್, ಬಿಲಾಂಗ್ ಮುಂತಾದವೂ ಇದೇ ಜಾತಿಯವು. ‘ಐ ಆಮ್ ನೋಯಿಂಗ್ ಹಿಮ್’ ಆಗುವುದಿಲ್ಲ.

ಹುಡುಗಿಗೆ ಒಂದು ಸುಲಭದ ಉಪಾಯ ಹೇಳಿಕೊಟ್ಟೆ. ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡು. ‘ಇದೆ’, ‘ಇದ್ದಾರೆ’ ಬಂದರೆ ಹ್ಯಾವ್ ಅಥವಾ ಹ್ಯಾಸ್. ‘ಮಾಡ್ತಾ ಇದ್ದೀನಿ’ ಬಂದರೆ ಹ್ಯಾವಿಂಗ್. ಮುಕ್ಕಾಲು ಪಾಲು ಕಡೆ ಇದು ನಡೆಯುತ್ತದೆ. ಉಳಿದ ಕಾಲು ಪಾಲು ಸ್ವಲ್ಪ ತರಲೆ. ‘ವಿ ಆರ್ ಹ್ಯಾವಿಂಗ್ ಗೆಸ್ಟ್ಸ್ ಆನ್ ಸಂಡೇ’ ಸರಿ, ಭಾನುವಾರ ನೆಂಟರು ಬರುವವರಿದ್ದಾರೆ ಎಂದು ಅರ್ಥ. ‘ಐ ಆಮ್ ಹ್ಯಾವಿಂಗ್ ಟ್ರಬಲ್ ವಿತ್ ಮೈ ಫೋನ್’ ಕೂಡ ಸರಿ. ‘ಶೀ ಈಸ್ ಹ್ಯಾವಿಂಗ್ ಎ ಬೇಬಿ’ ಎಂದರೆ ಅವಳಿಗೆ ಮಗು ಇದೆ ಎಂದಲ್ಲ, ಅವಳು ಬಸುರಿ ಎಂದು. ನಮ್ಮವರು ‘ಐ ಆಮ್ ಹ್ಯಾವಿಂಗ್ ಟೂ ಕಿಡ್ಸ್’ ಅಂದಾಗ ಕೇಳಿಸಿಕೊಂಡ ಇಂಗ್ಲಿಷಿನವರು ಅವಳಿ ಮಕ್ಕಳಾ ಎಂದುಕೊಂಡರೆ ತಪ್ಪು ಅವರದ್ದಲ್ಲ!

ನಮಗೆ ಇದು ಯಾಕೆ ತೊಡಕಾಗುತ್ತದೆ? ಕನ್ನಡದ ಆಡುಮಾತಿನಲ್ಲಿ ಹ್ಯಾವ್‌ಗೆ ಸಮನಾದ ಕ್ರಿಯಾಪದವೇ ಇಲ್ಲ. ಇರುವುದು ‘ಇರು’ ಒಂದೇ. ‘ನನಗೆ ಇಬ್ಬರು ಅಣ್ಣಂದಿರಿದ್ದಾರೆ’ ಎಂಬಲ್ಲಿ ಕರ್ತೃ ಅಣ್ಣಂದಿರು, ನಾನಲ್ಲ. ‘ಮಾಡ್ತಾ ಇದ್ದೀನಿ’ ಎಂಬಲ್ಲೂ ಅದೇ ‘ಇರು’ ಬರುತ್ತದೆ. ಕಿವಿಗೆ ಎರಡೂ ಒಂದೇ ಬಗೆ ಕೇಳಿ, ಇಂಗ್ಲಿಷಿಗೆ ಹೋಗುವಾಗ ಎರಡಕ್ಕೂ ‘ಇಂಗ್’ ಅಂಟುತ್ತದೆ ಎನ್ನುವುದು ನನ್ನ ಊಹೆ. ಇದು ನಮ್ಮೊಬ್ಬರ ಪಾಡಲ್ಲ. ಹಿಂದಿ, ತಮಿಳು, ರಷ್ಯನ್, ಅರಬ್ಬಿಯವರೂ ‘ನನಗಿದೆ’, ‘ನನ್ನ ಬಳಿ ಇದೆ’ ಎಂಬ ಬಗೆಯಲ್ಲೇ ಹೇಳುವವರು.

ಹಾಗಂತ ಕನ್ನಡದಲ್ಲಿ ಏನೋ ಕೊರತೆ ಇದೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಇನ್ನೂ ಜಾಸ್ತಿ ಸೂಕ್ಷ್ಮ ಇದೆ. ಅಣ್ಣ, ಜ್ವರ, ಕೆಲಸ ಇವಕ್ಕೆ ‘ನನಗೆ’. ದುಡ್ಡು, ಪೆನ್ನು ಇವಕ್ಕೆ ‘ನನ್ನ ಹತ್ರ’. ಧಾರವಾಡದ ಕಡೆ ‘ನನ್ನ ಕಡೆ ರೊಕ್ಕ ಐತಿ’, ಮಂಗಳೂರಿನ ಕಡೆ ‘ನನ್ನತ್ರ ದುಡ್ಡು ಉಂಟು’. ‘ನನಗೆ ಅಕ್ಕ ಇದ್ದಾಳೆ’ ಬೇರೆ, ‘ನನ್ನ ಹತ್ರ ಅಕ್ಕ ಇದ್ದಾಳೆ’ ಬೇರೆ. ಎರಡನೆಯದರಲ್ಲಿ ಅಕ್ಕ ನಮ್ಮನೆಗೆ ಬಂದು ಉಳಿದಿದ್ದಾಳೆ. ‘ನನ್ನ ಹತ್ರ ಜ್ವರ ಇದೆ’ ಅಂದರಂತೂ ಯಾರಿಗೆ ಕೊಡ್ತೀಯಾ ಎಂದು ಕೇಳಬೇಕಾಗುತ್ತದೆ.

ಕಾಲ ಹೇಳುವ ಹ್ಯಾವ್, ಹ್ಯಾಡ್‌ಗಳಲ್ಲೂ ಕನ್ನಡ ನಮ್ಮನ್ನು ಎಳೆಯುತ್ತದೆ. ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಎಂಬುದು ಎಷ್ಟು ಸಹಜವಾದ ಮಾತು! ಅದನ್ನೇ ‘ಐ ಹ್ಯಾಡ್ ಗಾನ್ ಟು ಮೈಸೂರ್ ಯೆಸ್ಟರ್ಡೇ’ ಮಾಡುತ್ತೇವೆ. ಇಂಗ್ಲಿಷಿನವರು ಆಮೇಲೇನಾಯ್ತು ಎಂದು ಕಾಯುತ್ತಾರೆ. ಯಾಕೆಂದರೆ ಅವರ ಹ್ಯಾಡ್ ಗಾನ್‌ಗೆ ಜೊತೆಗೊಂದು ಘಟನೆ ಬೇಕು. ನೀನು ಫೋನ್ ಮಾಡುವ ಹೊತ್ತಿಗೆ ಹೋಗಿದ್ದೆ, ಹೀಗೆ. ಬರೀ ನಿನ್ನೆಯ ಸುದ್ದಿಗೆ ‘ಐ ವೆಂಟ್’ ಸಾಕು. ‘ಅವನನ್ನು ನಿನ್ನೆ ನೋಡಿದ್ದೇನೆ’ ಕನ್ನಡದಲ್ಲಿ ಸರಿ. ಇಂಗ್ಲಿಷಿನಲ್ಲಿ ‘ಹ್ಯಾವ್ ಸೀನ್’ ಪಕ್ಕ ‘ಯೆಸ್ಟರ್ಡೇ’ ಕೂರುವುದಿಲ್ಲ, ‘ಐ ಸಾ ಹಿಮ್’ ಆಗಬೇಕು. ‘ಹ್ಯಾಡ್ ಹ್ಯಾಡ್’ ಎಂದು ಎರಡು ಸಲ ಬಂದರೆ ಅಚ್ಚಿನ ತಪ್ಪಲ್ಲ. ‘ವಿ ಹ್ಯಾಡ್ ಹ್ಯಾಡ್ ಲಂಚ್ ಬೈ ದೆನ್’, ಅಷ್ಟೊತ್ತಿಗೆ ನಮ್ಮ ಊಟ ಆಗಿತ್ತು, ಅಷ್ಟೇ.

‘ಹ್ಯಾವ್ ಟು’ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ‘ಡೋಂಟ್ ಹ್ಯಾವ್ ಟು ಗೋ’ ಎಂದರೆ ಹೋಗಬೇಕಾಗಿಲ್ಲ, ‘ಹೋಗಬಾರದು’ ಅಲ್ಲ.

ನನಗೆ ತುಂಬಾ ಇಷ್ಟವಾದದ್ದು ಮುಂದಿನದು. ಕನ್ನಡದಲ್ಲಿ ‘ಇಸು’ ಎಂಬ ಪುಟ್ಟ ಪ್ರತ್ಯಯ ಇದೆ. ಮಾಡು, ಮಾಡಿಸು. ಕಟ್ಟು, ಕಟ್ಟಿಸು. ಯಾರು ಮಾಡಿದರು, ಯಾರು ಮಾಡಿಸಿದರು ಎಂಬುದು ಕ್ರಿಯಾಪದದಲ್ಲೇ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಈ ಕೆಲಸಕ್ಕೂ ಹ್ಯಾವ್ ಬರುತ್ತದೆ. ಹಲ್ಲು ಕೀಳಿಸಿದೆ, ‘ಐ ಹ್ಯಾಡ್ ಎ ಟೂತ್ ಟೇಕನ್ ಔಟ್’. ರಕ್ತ ಪರೀಕ್ಷೆ ಮಾಡಿಸಿದೆ, ‘ಐ ಹ್ಯಾಡ್ ಮೈ ಬ್ಲಡ್ ಟೆಸ್ಟೆಡ್’. ಆಡುವಾಗ ಹ್ಯಾಡ್ ಬದಲು ‘ಗಾಟ್’ ಅಂದರೂ ನಡೆಯುತ್ತದೆ. ನಾವು ಇದನ್ನು ಬಳಸುವುದೇ ಕಡಿಮೆ. ‘ಐ ರಿಮೂವ್ಡ್ ಮೈ ಟೂತ್’ ಎಂದು ಇಕ್ಕಳ ಹಿಡಿದು ನಾವೇ ಕಿತ್ತುಕೊಂಡ ಹಾಗೆ ಹೇಳಿಬಿಡುತ್ತೇವೆ. ಮನೆಮಾತಿನಲ್ಲಿ ಇಷ್ಟು ಚೊಕ್ಕ ‘ಇಸು’ ಇದ್ದವರು ಇಂಗ್ಲಿಷಿನಲ್ಲಿ ಎಡವುವುದು ನನಗೆ ಸ್ವಲ್ಪ ಆಶ್ಚರ್ಯ. ಒಂದೇ ಎಚ್ಚರಿಕೆ: ‘ಐ ಹ್ಯಾಡ್ ಮೈ ಪರ್ಸ್ ಸ್ಟೋಲನ್’ ಎಂದರೆ ಪರ್ಸ್ ಕಳುವಾಯಿತು ಎಂದರ್ಥ. ನಾನೇ ಕಳ್ಳನನ್ನು ಬಿಟ್ಟು ಕದಿಸಿದೆ ಎಂದಲ್ಲ.

ಈಗ ನನ್ನ ಪ್ರಶ್ನೆ. ಹ್ಯಾವ್ ನಮ್ಮ ಇಂಗ್ಲಿಷನ್ನು ಕಾಡಿದ್ದು ಸಾಲದು ಎಂದು ಕನ್ನಡಕ್ಕೂ ಬಂದಿದೆ. ‘ಅವರು ಮೂವರು ಮಕ್ಕಳನ್ನು ಹೊಂದಿದ್ದಾರೆ.’ ‘ಈ ಫೋನ್ ದೊಡ್ಡ ಬ್ಯಾಟರಿಯನ್ನು ಹೊಂದಿದೆ.’ ಸುದ್ದಿ, ಜಾಹೀರಾತು, ಅರ್ಜಿ ಫಾರಂ ಎಲ್ಲ ಕಡೆ ಇದೇ. ಮನೆಯಲ್ಲಿ ಯಾರಾದರೂ ಹೀಗೆ ಮಾತಾಡ್ತಾರಾ? ಅವರಿಗೆ ಮೂವರು ಮಕ್ಕಳು. ಈ ಫೋನಿನ ಬ್ಯಾಟರಿ ದೊಡ್ಡದು. ಮುಗೀತಲ್ವಾ?

ಹೊಂದು ಹಳೆಯ ಪದವೇ. ಹಳಗನ್ನಡದಲ್ಲಿ ಅದು ‘ಪೊಂದು’. ಸೇರು, ಒಪ್ಪು, ಪಡೆ ಎಂಬ ಅರ್ಥಗಳು ಅದಕ್ಕಿವೆ. ಜೋಡಿ ಚೆನ್ನಾಗಿ ಹೊಂದುತ್ತದೆ, ದುಡ್ಡು ಹೊಂದಿಸಿದೆ, ಸೊಸೆ ಮನೆಗೆ ಹೊಂದಿಕೊಂಡಳು, ಇವೆಲ್ಲ ನಮ್ಮ ಮಾತು. ‘ಮುಕ್ತಿ ಹೊಂದು’, ‘ಮರಣ ಹೊಂದು’ ಎಂಬಲ್ಲಿ ತಲುಪುವ ಅರ್ಥ ಇದೆ, ಅದಕ್ಕೂ ನನ್ನ ತಕರಾರಿಲ್ಲ. ಇಟ್ಟುಕೊಂಡಿರುವ ಅರ್ಥದಲ್ಲಿ ಬರುವ ‘ಹೊಂದಿರು’ ಬಗ್ಗೆ ಮಾತ್ರ ನನಗೆ ಅನುಮಾನ. ‘ಅರ್ಹತೆ ಹೊಂದಿರುವ ಅಭ್ಯರ್ಥಿಗಳು’ ಬದಲು ‘ಅರ್ಹತೆ ಇರುವ ಅಭ್ಯರ್ಥಿಗಳು’ ಸಾಲದೇ? ‘ಸರ್ಕಾರ ಶೇ 51ರಷ್ಟು ಷೇರು ಹೊಂದಿದೆ’ ಎಂಬುದನ್ನೂ ‘ಸರ್ಕಾರದ ಬಳಿ ಶೇ 51ರಷ್ಟು ಷೇರುಗಳಿವೆ’ ಎನ್ನಬಹುದು.

‘ಇರು’ ಹಾಕಿದರೆ ಅರ್ಥ ಕೆಟ್ಟು, ‘ಹೊಂದಿರು’ ಹಾಕಲೇಬೇಕಾದ ವಾಕ್ಯ ಯಾರಿಗಾದರೂ ಹೊಳೆಯುತ್ತದಾ? ಕಾನೂನು ಪತ್ರ, ಕ್ರಯಪತ್ರ ಬರೆಯುವವರು ಈ ಗುಂಪಿನಲ್ಲಿದ್ದೀರಿ, ನಿಮ್ಮಲ್ಲೇ ಸಿಗಬಹುದು. ದಯವಿಟ್ಟು ಇಡೀ ವಾಕ್ಯ ಬರೆದು ಕಳಿಸಿ.