ಚಳಿಗಾಲದ ಹೇಮಾವತಿಯಲ್ಲಿ ಗಾಳ: ಸಾಲ್ಮನ್ ಹಿಡಿಯೋ ಪಟ್ಟು ಇಲ್ಲಿ ನಡೆಯುತ್ತಾ?

ಹಾನುಬಾಳು_ದಡ:

ಜಾಗ ಸಕಲೇಶಪುರದ ಕೆಳಗೆ, ಗೊರೂರು ಹಿನ್ನೀರು ಶುರುವಾಗೋಕೆ ಮುಂಚಿನ ಹೇಮಾವತಿ. ಡಿಸೆಂಬರ್ ಎರಡನೇ ವಾರದಿಂದ ಮೀನು ಕಚ್ಚೋದು ನಿಂತೇ ಹೋಗಿದೆ. ನೀರು ಇಳಿದು ತಿಳಿಯಾಗಿದೆ, ಬೆಳಿಗ್ಗೆ ಕೈ ಅದ್ದಿದರೆ ಕೊರೆಯುತ್ತೆ. ಅಕ್ಟೋಬರ್‌ವರೆಗೆ ಕೆಲಸ ಮಾಡಿದ್ದು: 0.40 ಎಂ.ಎಂ. ನೈಲಾನ್ ದಾರ, 50 ಗ್ರಾಂ ಸೀಸ, 2/0 ಗಾಳ, ನಿಂಬೆಹಣ್ಣು ಗಾತ್ರದ ರಾಗಿ ಉಂಡೆ.

ಕೆನಡಾದಲ್ಲಿರೋ ಭಾವ ಅಲ್ಲಿ ಅಕ್ಟೋಬರ್, ನವೆಂಬರ್‌ನಲ್ಲಿ ಸೀಸನ್ ಕಡೇ ಸಾಲ್ಮನ್ ಹಿಡಿಯೋ ರೀತಿ ಬರೆದು ಕಳಿಸಿದ್ದಾರೆ. ನಸುಕಿನಲ್ಲೇ ಹೋಗು, ನಿಧಾನ ಹರಿಯೋ ಮಡು ಹುಡುಕು, ಬೆಂಡಿನ ಕೆಳಗೆ ಮೀನಿನ ಮೊಟ್ಟೆ ಕಟ್ಟಿ ತೇಲಿಬಿಡು ಅಂತ. ಇದರಲ್ಲಿ ಯಾವುದು ನಮ್ಮ ಹೊಳೆಗೆ ಹೊಂದುತ್ತೆ? ಗುರಿ ಗೆಂಡೆ, ರೋಹು, ಸಿಕ್ಕರೆ ಬಿಳಿಮೀನು (ಮಹಶೀರ್).

ಮಡುವಿನ_ಮೀನು:

ಮೂರರಲ್ಲಿ ಒಂದು ಪೂರ್ತಿ ಹೊಂದುತ್ತೆ, ಒಂದು ಉಲ್ಟಾ, ಒಂದು ದಂಡ.

ಸಾಲ್ಮನ್ ಸಮುದ್ರದಿಂದ ಹೊಳೆಗೆ ಹತ್ತೋದು ಮೊಟ್ಟೆ ಇಡೋಕೆ. ಸಿಹಿನೀರಿಗೆ ಬಂದ ಮೇಲೆ ಅದು ಹೆಚ್ಚುಕಮ್ಮಿ ಮೇವು ಬಿಟ್ಟಿರುತ್ತೆ. ಗಾಳಕ್ಕೆ ಬಾಯಿ ಹಾಕೋದು ಹಸಿವಿಗಲ್ಲ, ರೇಗಿ ಇಲ್ಲಾ ಹಳೇ ಅಭ್ಯಾಸಬಲಕ್ಕೆ. ಸೀಸನ್ ಕಡೇಗೆ ಬರೋ ಕೋಹೋ, ಚಮ್ ಜಾತಿಗಳು ಮೊಟ್ಟೆ ಇಟ್ಟಮೇಲೆ ಸತ್ತೇ ಹೋಗ್ತವೆ. ನಸುಬೆಳಕಲ್ಲಿ ಹೊಸ ಹಿಂಡು ಮಡುವಿಗೆ ಬಂದು ಸೇರುತ್ತೆ, ಜನ ತುಳಿದು ಬೆದರಿಸಿರೋದಿಲ್ಲ, ಅದಕ್ಕೇ ಅಲ್ಲಿ ನಸುಕು ಒಳ್ಳೇದು. ಆ ತಿಂಗಳಲ್ಲಿ ಆ ಹೊಳೆ ತುಂಬ ಮೊಟ್ಟೆ ತೇಲ್ತಾ ಇರುತ್ತೆ, ಅದಕ್ಕೇ ಮೊಟ್ಟೆ ಎರೆ. ನಮ್ಮಲ್ಲಿ ಕಾಟ್ಲಾ, ರೋಹು ಮೊಟ್ಟೆ ಇಡೋದು ಮಳೆಗಾಲದಲ್ಲಿ. ಡಿಸೆಂಬರ್ ಹೊಳೆಯಲ್ಲಿ ಮೊಟ್ಟೆ ಹುಡುಕಿಕೊಂಡು ಓಡಾಡೋ ಮೀನು ಇಲ್ಲ. ಆ ಎರೆ ಮರೆತುಬಿಡಿ.

ನಮ್ಮ ಮೀನು ಹಸಿದರೆ ಮಾತ್ರ ಕಚ್ಚುತ್ತೆ, ಹಸಿವು ನೀರಿನ ಬಿಸಿ ನೋಡಿಕೊಂಡು ಬರುತ್ತೆ. ಕಾಟ್ಲಾ, ರೋಹು ಚೆನ್ನಾಗಿ ಮೇಯೋದು 25ರಿಂದ 30 ಡಿಗ್ರಿ ನೀರಲ್ಲಿ. 20ರ ಕೆಳಗೆ ಹೋದರೆ ತಿಂದಿದ್ದು ಅರಗೋದೇ ನಿಧಾನ, ಹಾಗಾಗಿ ಬಾಯಿ ಹಾಕೋದೂ ಅಪರೂಪ. ಕಾಟ್ಲಾ ಮೇಲ್ನೀರಿನ ಮೀನು, ಚಳಿಗೆ ಮೊದಲು ಕೈಕೊಡೋದು ಅದೇ. ಚಳಿ ತಡೆಯೋದು ತಳದಲ್ಲಿ ಕೆದಕೋ ಸಾಮಾನ್ಯ ಗೆಂಡೆ, ಅಂದರೆ ಎಲ್ಲರೂ ಕಾಮನ್ ಕಾರ್ಪ್ ಅನ್ನೋದು. ಈ ಎರಡು ತಿಂಗಳು ಅದನ್ನೇ ಗುರಿ ಇಟ್ಟುಕೊಳ್ಳಿ.

ಸಮಯ: ಬೆಳಿಗ್ಗೆ 11ರಿಂದ ಸಂಜೆ ನಾಲ್ಕೂವರೆ. ಹೊಳೆ ನೀರು ದಿನದಲ್ಲಿ ಅತಿ ಬೆಚ್ಚಗಿರೋದು ನಡುಮಧ್ಯಾಹ್ನ ಅಲ್ಲ, ಮೂರು ಗಂಟೆ ಆಸುಪಾಸು. ಒಂದು ಥರ್ಮಾಮೀಟರಿಗೆ ದಾರ ಕಟ್ಟಿ ಮೊಣಕಾಲುದ್ದ ನೀರಲ್ಲಿ ಬಿಟ್ಟು ಬೆಳಿಗ್ಗೆ ಹತ್ತಕ್ಕೆ ಒಂದು ಸಲ, ಮಧ್ಯಾಹ್ನ ಎರಡಕ್ಕೆ ಒಂದು ಸಲ ನೋಡಿ. ಎರಡು ಡಿಗ್ರಿ ಏರಿದ್ದರೆ ಕೂತುಕೊಳ್ಳಿ. ಮೋಡ ಮುಚ್ಚಿ ಅಲ್ಲಾಡದೇ ಇದ್ದರೆ ಮನೆಗೆ ಹೋಗೋದು ವಾಸಿ.

ಮಡು ವಿಚಾರ ಪೂರ್ತಿ ಸರಿ, ಆದರೆ ಯಾವ ದಡ ಅನ್ನೋದೂ ಮುಖ್ಯ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ. ಹೊಳೆ ಪೂರ್ವ-ಪಶ್ಚಿಮವಾಗಿ ಹರಿಯೋ ಕಡೆ ದಕ್ಷಿಣ ದಡದ ಮರಗಳ ನೆರಳು ನೀರ ಮೇಲೆ ಬೀಳುತ್ತೆ, ಉತ್ತರದ ದಡ ಬಿಸಿಲು ಕಾಯುತ್ತೆ. ಉತ್ತರ ದಡದಲ್ಲಿ ಕರೀ ಬಂಡೆ ಇದ್ದು, ಪಕ್ಕದಲ್ಲೇ ಆಳ ಇದ್ದರೆ ಅದೇ ಜಾಗ. ಮೀನು ಆಳದಿಂದ ಬಿಸಿಲ ಅಂಚಿಗೆ ಬಂದು ಹೋಗುತ್ತೆ.

ರಾಗಿ_ಉಂಡೆ:

ಹಾನುಬಾಳು ಸರ್, ನಿಮ್ಮ ಸೆಟ್ಟು ಮಳೆಗಾಲದ ಕೆಂಪು ನೀರಿನದ್ದು. ಈಗ ಎಲ್ಲಾ ಅರ್ಧಕ್ಕೆ ಇಳಿಸಿ.

ಮೇನ್ ದಾರ 0.28, ಗಾಳದ ದಾರ 0.22ರಿಂದ 0.25, ಉದ್ದ 60 ಸೆಂ.ಮೀ. ಗಾಳ 6ನೇ ನಂಬರು. (ನಂಬರು ದೊಡ್ಡದಾದಷ್ಟು ಗಾಳ ಚಿಕ್ಕದು, ಆದರೆ ಮುಂದೆ /0 ಬಂದರೆ ಲೆಕ್ಕ ಉಲ್ಟಾ. ಅಂಗಡೀಲಿ ಇದೊಂದು ಗೊಂದಲಕ್ಕೇ ಎಷ್ಟೋ ಜನ ತಪ್ಪು ತರ್ತಾರೆ.) ಸೀಸ 10ರಿಂದ 15 ಗ್ರಾಂ, ನಡುವೆ ತೂತಿರೋ ಗುಂಡು. ದಾರಕ್ಕೆ ಮೊದಲು ಸೀಸ, ಆಮೇಲೆ ಒಂದು ಮಣಿ, ಆಮೇಲೆ ಸ್ವಿವೆಲ್ (ದಾರ ಹುರಿಗೊಳ್ಳದ ಹಾಗೆ ತಿರುಗೋ ಕೊಂಡಿ), ಅದಕ್ಕೆ ಗಾಳದ ದಾರ. ಮಣಿ ಯಾಕೆ ಅಂದರೆ ಸೀಸ ಬಂದು ಗಂಟಿಗೆ ಬಡಿದು ಬಡಿದು ಗಂಟು ಹಿಸಿಯುತ್ತೆ. ಗಂಟು ಎಳೆಯೋ ಮುಂಚೆ ಎಂಜಲು ಹಚ್ಚಿ. ಒಣಗಿದ್ದಾಗ ಬಿಗಿದರೆ ನೈಲಾನ್ ಉಜ್ಜಿ ಬಿಸಿಯಾಗಿ ಅಲ್ಲೇ ಬಲ ಕಳಕೊಳ್ಳುತ್ತೆ.

50 ಗ್ರಾಂ ಸೀಸ ಕೂಡದು. ಚಳಿಗೆ ಗೆಂಡೆ ಎಳೆದುಕೊಂಡು ಓಡೋದಿಲ್ಲ, ನಿಂತಲ್ಲೇ ಹೀರಿ ಉಗಿಯುತ್ತೆ. ರಾಡಿನ ತುದಿ ಒಂದು ಜೋಳದ ಕಾಳಿನಷ್ಟು ಕುಣಿದು ನಿಲ್ಲುತ್ತೆ, ಅಷ್ಟೇ. ಎರಡನೇ ಸಲ ಕುಣಿದಾಗ ರಾಡನ್ನು ಜಾಡಿಸದೆ ಸುಮ್ಮನೆ ಮೇಲೆತ್ತಿ. 0.22 ದಾರ ಜಾಡಿಸಿದರೆ ಬಾಳೋಲ್ಲ. ರೀಲಿನ ಡ್ರ್ಯಾಗು (ಮೀನು ಎಳೆದಾಗ ದಾರ ಬಿಡೋ ಬಿಗಿ) ತೆಳು ದಾರ ತಾಳೋ ತೂಕದ ಕಾಲು ಭಾಗಕ್ಕೆ ಬಿಗಿದಿರಲಿ: 4 ಕೆ.ಜಿ. ದಾರಕ್ಕೆ 1 ಕೆ.ಜಿ. ನೀರು ತುಂಬಿದ ಒಂದು ಲೀಟರ್ ಬಾಟ್ಲಿ ಕಟ್ಟಿ ಎತ್ತಿದರೆ ರೀಲು ಆಗಷ್ಟೇ ದಾರ ಬಿಡಬೇಕು.

ಇನ್ನು ಎರೆ. ರಾಗಿ ಹಿಟ್ಟು 3 ಲೋಟ, ಮೈದಾ 1 ಲೋಟ, ಕಡಲೆಕಾಯಿ ಹಿಂಡಿ ಪುಡಿ ಅರ್ಧ ಲೋಟ, ಚಿಟಿಕೆ ಇಂಗು. ರಾಗಿಗೆ ಅಂಟಿನ ಗುಣ ಇಲ್ಲ, ಒಂಟಿ ರಾಗಿ ಬಿರುಕು ಬಿಟ್ಟು ಉದುರುತ್ತೆ, ಮೈದಾ ಅದಕ್ಕೇ. ಬಿಸಿನೀರು ಸ್ವಲ್ಪ ಸ್ವಲ್ಪ ಹಾಕಿ ಮುದ್ದೆಗಿಂತ ಗಟ್ಟಿಯಾಗಿ ನಾದಿ, ಉಂಡೆ ಕಟ್ಟಿ ಕುದಿಯೋ ನೀರಿಗೆ ಹಾಕಿ 20 ನಿಮಿಷ ಬೇಯಿಸಿ. ತೆಗೆದು, ಬಿಸಿ ಇರುವಾಗಲೇ ಮತ್ತೆ ನಾದಬೇಕು. ಈ ಎರಡನೇ ನಾದು ಬಿಟ್ಟರೆ ಹೊರಗೆ ರಬ್ಬರು, ಒಳಗೆ ಹಸಿ ಹಿಟ್ಟು. ಒದ್ದೆ ಬಟ್ಟೇಲಿ ಸುತ್ತಿ ಡಬ್ಬಿಗೆ ಹಾಕಿ. ಎಣ್ಣೆ ಬೆರೆಸಬೇಡಿ, ಬೇಸಿಗೆಗೆ ಸರಿ, ತಣ್ಣೀರಲ್ಲಿ ಉಂಡೆ ಕಲ್ಲಾಗುತ್ತೆ, ವಾಸನೆಯೂ ಬಿಡೋದಿಲ್ಲ.

ಗಾಳಕ್ಕೆ ಕಟ್ಟೋದು ಗೋಟಡಿಕೆಗಿಂತ ಚಿಕ್ಕದು. ಮೊನೆ ಕಾಣ್ತಿರಲಿ. ಸುತ್ತ ಎರಚೋ ಮೇವು ತೌಡು-ಹಿಂಡಿ, ಅರ್ಧ ಗಂಟೆಗೆ ಒಂದು ಹಿಡಿ, ಜಾಸ್ತಿ ಬೇಡ. ಬೇಸಿಗೇಲಿ ಒಂದು ಸೇರು ಸುರಿದರೂ ಖಾಲಿ, ಈಗ ಎರಡು ಹಿಡಿಗೇ ಹೊಟ್ಟೆ ತುಂಬಿಸಿಕೊಂಡು ಸಂಜೆತನಕ ಸುಮ್ಮನಾಗ್ತವೆ.

ಮೂಡಿಗೆರೆ_ಹಳ್ಳ:

ಮೇಲಿನ ಇಬ್ಬರೂ ಬರೆಯದೇ ಬಿಟ್ಟಿದ್ದು ಪಲ್ಪರ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಯಂತ್ರದಿಂದ ಬರೋ ನೀರು. ಅರೇಬಿಕಾ ಕಾಫಿ ಕೊಯ್ಲು ನಡೆಯೋದು ಇದೇ ತಿಂಗಳುಗಳಲ್ಲಿ. ಹಣ್ಣು ಪಲ್ಪ್ ಮಾಡಿದ ನೀರು ಹುಳಿ, ಅದರಲ್ಲಿ ಸಕ್ಕರೆ, ಲೋಳೆ ತುಂಬಿರುತ್ತೆ. ಹೊಂಡದಲ್ಲಿ ಇಂಗಿಸದೆ ಹಳ್ಳಕ್ಕೆ ಬಿಟ್ಟರೆ ಅದು ಕೊಳೆಯುವಾಗ ನೀರಿನ ಆಕ್ಸಿಜನ್ ಎಳೆದುಕೊಳ್ಳುತ್ತೆ, ಮೀನು ಆ ಜಾಗ ಬಿಟ್ಟು ಹೋಗುತ್ತೆ. ಹಳ್ಳ ಸೇರೋ ಬಾಯಲ್ಲಿ ಕಂದು ಬಣ್ಣ, ಕಲ್ಲಿನ ಮೇಲೆ ಬೂದು ಲೋಳೆ, ಹುಳಿ ನಾತ ಇದ್ದರೆ ಅದರ ಕೆಳಗಿನ ಮಡು ಎಷ್ಟೇ ಚೆಂದ ಇದ್ದರೂ ಕೂರಬೇಡಿ, ಮೇಲಕ್ಕೆ ಹೋಗಿ. "ಚಳಿಗೆ ಕಚ್ಚಲ್ಲ" ಅನ್ನೋ ದೂರಿನಲ್ಲಿ ಅರ್ಧ ಇದೇ ಇರುತ್ತೆ ಅಂತ ನನ್ನ ಅನಿಸಿಕೆ.

ನಸುಕಿಗೆ ಹೋಗದೇ ಇರೋಕೆ ಇನ್ನೊಂದು ಕಾರಣ ಆನೆ. ಆಲೂರು, ಸಕಲೇಶಪುರ ಕಡೆ ಮಂಜು ಕರಗೋ ಮುಂಚೆ ಹೊಳೆ ದಡ, ತೋಟದ ದಾರಿ ಎರಡೂ ನಮ್ಮದಲ್ಲ.

ಬಿಳಿಮೀನು ಸಿಕ್ಕರೆ ಬಿಟ್ಟುಬಿಡಿ. ಕಾವೇರಿ ಸೀಮೆಯ ಡುಬ್ಬದ ಬಿಳಿಮೀನನ್ನು 2018ರಲ್ಲಿ ಐ.ಯು.ಸಿ.ಎನ್. (ಅಳಿಯುತ್ತಿರೋ ಜೀವಿಗಳ ಪಟ್ಟಿ ಮಾಡೋ ಅಂತರರಾಷ್ಟ್ರೀಯ ಸಂಸ್ಥೆ) ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿದೆ, ಹೇಮಾವತಿಯೂ ಅದೇ ಸೀಮೆಯ ಹೊಳೆ. ಗಾಳದ ಮುಳ್ಳನ್ನು ಮೊದಲೇ ಪಕ್ಕಡಿನಿಂದ ಒತ್ತಿ ಮಡಿಚಿದ್ದರೆ ಬಿಡಿಸೋದು ಸುಲಭ. ಕೈ ಒದ್ದೆ ಮಾಡಿಕೊಳ್ಳಿ, ಮೀನು ನೀರಲ್ಲೇ ಇರಲಿ, ತಲೆ ಹರಿವಿಗೆ ಎದುರಾಗಿ ಹಿಡಿದು ಅದು ತಾನೇ ಬಾಲ ಬಡಿಯೋವರೆಗೆ ಕಾಯಿರಿ. ರಾಮನಾಥಪುರದ ಕಾವೇರಿ ಮಡು, ಶೃಂಗೇರಿಯ ತುಂಗೆಯ ಘಟ್ಟ ದೇವರ ಮೀನಿನ ಜಾಗ, ಭದ್ರಾ ಅಭಯಾರಣ್ಯದ ಒಳಗೆ ಕಾನೂನು ಬಿಡೋದಿಲ್ಲ. ಬೇರೆ ಕಡೆಯೂ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಲೈಸೆನ್ಸು, ಗುತ್ತಿಗೆ ವಿಚಾರಿಸಿಕೊಂಡೇ ಗಾಳ ಬಿಡಿ.

ಹಾನುಬಾಳು_ದಡ:

ಬಹಳ ಉಪಕಾರ. ಎರಡು ಪ್ರಶ್ನೆ ಉಳೀತು: ರಾಗಿ ಬದಲು ಎರೆಹುಳು ಆಗುತ್ತಾ? ಬೆಂಡು ಪೂರ್ತಿ ಬೇಡವಾ?

ಮಡುವಿನ_ಮೀನು:

ಎರೆಹುಳು ತಣ್ಣೀರಿಗೆ ರಾಗಿಗಿಂತ ವಾಸಿ. 8ನೇ ನಂಬರ್ ಗಾಳಕ್ಕೆ ಅರ್ಧ ಹುಳು, ತುದಿ ಅಲ್ಲಾಡೋ ಹಾಗೆ. ಚಿಕ್ಕ ಮೀನು, ಚೇಳುಮೀನು ಕಾಟ ಇರುತ್ತೆ, ಸಹಿಸಬೇಕು.

ನಿಮ್ಮ ಭಾವನ ಪಟ್ಟಿನಲ್ಲಿ ನಿಜವಾಗಿ ಕಲಿಯಬೇಕಾದ್ದು ಬೆಂಡೇ. ಮೊದಲು ಆಳ ಅಳೆಯಿರಿ: ಗಾಳಕ್ಕೇ ಒಂದು ಸೀಸ ಸಿಕ್ಕಿಸಿ ಬಿಟ್ಟು, ಬೆಂಡಿನ ನೆತ್ತಿ ಮಾತ್ರ ಕಾಣೋವರೆಗೆ ಸರಿಸಿ. ಹುಳು ತಳ ಸವರಿಕೊಂಡು ಹೋಗಬೇಕು, ಒಂದಡಿ ಮೇಲಿದ್ದರೂ ಚಳಿಗಾಲದ ಗೆಂಡೆ ಎದ್ದು ಬರೋದಿಲ್ಲ. ಆಮೇಲೆ, ಮೇಲ್ನೀರು ತಳದ ನೀರಿಗಿಂತ ಜೋರಾಗಿ ಹರಿಯೋದರಿಂದ ಬೆಂಡು ಮುಂದೆ ಓಡಿ ಹುಳುವನ್ನು ಎಳೆದುಕೊಂಡು ಹೋಗುತ್ತೆ. ಅದು ಆಗಬಾರದು. ರೀಲಿನ ಅಂಚಿಗೆ ಬೆರಳಿಟ್ಟು ದಾರವನ್ನು ತಡೆತಡೆದು ಬಿಡಿ, ಬೆಂಡು ಸ್ವಲ್ಪ ಹಿಂದಕ್ಕೆ ವಾಲಿ, ಹುಳು ಮುಂದೆ ಹೋಗ್ತಿರಬೇಕು. ಬೆಂಡು ಪಕ್ಕದ ನೊರೆಗಿಂತ ನಿಧಾನವಾಗಿ ಸಾಗ್ತಿದ್ದರೆ ಹದ ಸರಿ ಇದೆ.