ಎತ್ತರದ ಬೈಕಿನ ಮುಂಭಾಗ ‘ಇಳಿಸುವುದೋ’, ‘ತಗ್ಗಿಸುವುದೋ’?

ಬಲ್ಲವರಲ್ಲಿ ಒಂದು ಕ್ರಿಯಾಪದದ ಬಗ್ಗೆ ಕೇಳಲಿಕ್ಕಿತ್ತು.

ದೂರದ ಸವಾರಿಗೆಂದು ಮಾಡಿದ ಎತ್ತರದ ಬೈಕುಗಳ ಮುಂದಿನ ಸಸ್ಪೆನ್ಶನ್ (ಹೊಂಡದ ಕುಲುಕಾಟ ತಡೆಯುವ ಸ್ಪ್ರಿಂಗಿನ ಜೋಡಣೆ) ಅನ್ನು ಗಿಡ್ಡ ಆಳುಗಳಿಗೆ ಒಗ್ಗುವ ಹಾಗೆ ಕೆಳಕ್ಕೆ ತರುವ ಕುರಿತು ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ, ಕುಂಬಳೆ ಕಡೆಯ ಸವಾರರು ಓದಲಿ ಎಂದು. 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕಿನ ಸೀಟು ನೆಲದಿಂದ 800 ಮಿ.ಮೀ. ಮೇಲಿತ್ತು. 2023ರ ಕೊನೆಗೆ ಬಂದ ಹಿಮಾಲಯನ್ 450ರದ್ದು 825. ಐದಡಿ ಎರಡಂಗುಲದವರು ಕುಳಿತರೆ ನೆಲಕ್ಕೆ ತಾಗುವುದು ಕಾಲಿನ ತುದಿ ಮಾತ್ರ. ಜಾಲ್ಸೂರು, ಸಂಪಾಜೆ ದಾಟಿ ಮಡಿಕೇರಿಗೆ ಹತ್ತುವಾಗ ಇದು ತೊಂದರೆಯಲ್ಲ. ಹೆದ್ದಾರಿ 66ರ ಬದಿಯ ಸರ್ವಿಸ್ ರಸ್ತೆಯಲ್ಲಿ, ಒಂದು ಕಾಲು ಹೊಂಡದೊಳಗೆ, ಹಿಂದೆ ಲಾರಿ ಹಾರ್ನು ಹೊಡೆಯುತ್ತಿರುವಾಗ ತೊಂದರೆ ಗೊತ್ತಾಗುತ್ತದೆ.

ಯಂತ್ರಾನುವಾದದ ಪುಟಗಳನ್ನು ನೋಡಿದರೆ ನಗು ಬರುತ್ತದೆ. ಅಲ್ಲಿ ಸಸ್ಪೆನ್ಶನ್ ಎಂದರೆ ‘ಅಮಾನತು’. ‘ಮುಂಭಾಗದ ಅಮಾನತು ಕಡಿಮೆಗೊಳಿಸಿ’ ಎಂದು ಓದಿದವರು ಯಾವ ಗುಮಾಸ್ತರ ಮೇಲಿನ ಶಿಸ್ತುಕ್ರಮ ಸಡಿಲವಾಯಿತು ಎಂದು ಕೇಳಿಯಾರು. ‘ತೂಗು ವ್ಯವಸ್ಥೆ’ ಎಂಬುದೂ ಕಾಣಿಸುತ್ತದೆ, ನನಗೆ ತೂಗುಸೇತುವೆ ನೆನಪಾಗುತ್ತದೆ. ಗ್ಯಾರೇಜಿನಲ್ಲಿ ಎಲ್ಲರೂ ‘ಶಾಕ್’ ಅನ್ನುತ್ತಾರೆ, ನಾನೂ ಅದನ್ನೇ ಇಟ್ಟುಕೊಂಡೆ. ನಾಮಪದದ ವಿಷಯ ಅಲ್ಲಿಗೆ ಮುಗಿಯಿತು. ತೊಡಕಿರುವುದು ಕ್ರಿಯಾಪದದಲ್ಲಿ.

ಮೊದಲು ಬಾಯಿಗೆ ಬರುವುದು ‘ಇಳಿಸು’. ಆದರೆ ನಮ್ಮ ಕಡೆ ಗ್ಯಾರೇಜಿನಲ್ಲಿ ‘ಎಂಜಿನ್ ಇಳಿಸಿದ್ದಾರೆ’ ಎಂದರೆ ಎಂಜಿನನ್ನು ಚಾಸಿಯಿಂದ ಕಳಚಿ ಕೆಳಗಿಟ್ಟಿದ್ದಾರೆ ಎಂದು. ‘ಮುಂದಿನ ಶಾಕ್ ಇಳಿಸಿ’ ಎಂದರೆ ಮೆಕ್ಯಾನಿಕ್ ಚಕ್ರ ಬಿಚ್ಚಿ ಶಾಕನ್ನೇ ಹೊರಗೆ ತೆಗೆಯುತ್ತಾನೆ, ಆಯಿಲ್ ಸೀಲ್ ಬದಲಿಸಲು ಬಂದಿದ್ದೀರಿ ಎಂದುಕೊಂಡು. ಇದು ಸಾಲದೆಂಬಂತೆ ‘ಅವನು ಹೊಸ ಬೈಕ್ ಇಳಿಸಿದ’ ಎಂದರೆ ಕೊಂಡುಕೊಂಡ ಎಂಬ ಅರ್ಥವೂ ಉಂಟು. ಮಲಯಾಳದಲ್ಲಿ ‘ವಂಡಿ ಇರಕ್ಕಿ’ ಅನ್ನುತ್ತಾರಲ್ಲ, ಅದರ ನೆರಳೋ ಏನೋ. ಒಂದೇ ವಾಕ್ಯದಲ್ಲಿ ಬೈಕು ಕೊಂಡದ್ದು, ಶಾಕ್ ಬಿಚ್ಚಿದ್ದು, ಎತ್ತರ ಕಡಿಮೆ ಮಾಡಿದ್ದು ಮೂರೂ ‘ಇಳಿಸಿ’ಯೇ ಆದರೆ ಓದುವವನ ಗತಿ ಏನು?

ಇದಕ್ಕಿಂತ ದೊಡ್ಡ ಗೋಜಲು ಕೆಲಸದ ಕ್ರಮದಲ್ಲೇ ಇದೆ. ಮುಂದಿನ ಶಾಕ್‌ನ, ಅಂದರೆ ಫೋರ್ಕಿನ, ಎರಡು ಪೈಪುಗಳನ್ನು ಹಿಡಿದಿರುವುದು ಮೇಲೊಂದು, ಕೆಳಗೊಂದು ‘ಟೀ’ ಎಂಬ ಅಡ್ಡ ಹಿಡಿಕೆ. ಮುಂಭಾಗಕ್ಕೆ ಜ್ಯಾಕ್ ಕೊಟ್ಟು, ಟೀಗಳ ಬೋಲ್ಟು ಸಡಿಲಿಸಿ, ಪೈಪುಗಳನ್ನು ಟೀಯೊಳಗೆ ಮೇಲಕ್ಕೆ ಜಾರಿಸಬೇಕು. ಪೈಪಿನ ತುದಿ ಮೇಲಿನ ಟೀಯಿಂದ ಎಷ್ಟು ಹೊರಗೆ ಬರುತ್ತದೋ ಬೈಕಿನ ಮೂತಿ ಹೆಚ್ಚುಕಡಿಮೆ ಅಷ್ಟು ಕೆಳಗೆ ಬರುತ್ತದೆ. ಅಂದರೆ ಏರಿಸಿದ್ದು ಪೈಪು, ಇಳಿದದ್ದು ಬೈಕು. ಬೇರೆ ಬೇರೆ ಕಡೆ ಇದನ್ನು ‘ಫೋರ್ಕ್ ಏರಿಸುವುದು’ ಎಂದೂ ‘ಮುಂಭಾಗ ಇಳಿಸುವುದು’ ಎಂದೂ ಬರೆದಿರುವುದರಿಂದ, ಒಂದನ್ನು ಓದಿ ಇನ್ನೊಂದಕ್ಕೆ ಹೋದವರು ಎರಡು ವಿರುದ್ಧ ಕೆಲಸಗಳೆಂದು ತಿಳಿಯುತ್ತಾರೆ. ಇಂಗ್ಲಿಷಿನಲ್ಲೂ ಇದೇ ಗೊಂದಲ ಇದೆ, ಸಮಾಧಾನ. ನಾನು ಬರೆದುಕೊಂಡದ್ದು: ‘ಪೈಪನ್ನು ಟೀಯೊಳಗೆ 10 ಮಿ.ಮೀ. ಮೇಲಕ್ಕೆ ಜಾರಿಸಿ ಮುಂಭಾಗದ ಎತ್ತರವನ್ನು ತಗ್ಗಿಸಿ.’ ಯಾವುದು ಮೇಲೆ, ಯಾವುದು ಕೆಳಗೆ ಎಂಬ ಅನುಮಾನಕ್ಕೆ ಎಡೆಯಿಲ್ಲ. ‘ತಗ್ಗಿಸು’ ಕಳಚುವ ಅರ್ಥ ಕೊಡುವುದಿಲ್ಲ, ತಲೆ ತಗ್ಗಿಸಿದವನ ತಲೆ ಕುತ್ತಿಗೆಯ ಮೇಲೆಯೇ ಇರುತ್ತದೆ.

ಸೊಲ್ಲಾಪುರ, ಅಕ್ಕಲಕೋಟೆ ಕಡೆಯವರಿಗೆ ‘ತಗ್ಗು’ ಎಂದ ಕೂಡಲೆ ರಸ್ತೆಯ ಹೊಂಡ ಕಣ್ಣಿಗೆ ಬರಬಹುದು. ಅದು ನಾಮಪದ. ‘ತಗ್ಗಿಸು’ ಎಂಬ ಕ್ರಿಯಾರೂಪಕ್ಕೆ ಆ ತೊಡಕು ಬಾರದು ಎಂಬುದು ನನ್ನ ಎಣಿಕೆ. ಬರುವುದಾದರೆ ತಿಳಿಸಿ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಎತ್ತರ ಕಡಿಮೆಯಾಗುವುದು ಒಂದೇ ದಾರಿಯಿಂದ ಅಲ್ಲ. ಪೈಪು ಜಾರಿಸಿದರೆ ಶಾಕ್ ಒಳಗೆ ಏನೂ ಬದಲಾಗುವುದಿಲ್ಲ, ಅದು ಕುಗ್ಗುವ ಉದ್ದ ಮೊದಲಿನಷ್ಟೇ. ಹಿಮಾಲಯನ್‌ನಲ್ಲಿ 200 ಮಿ.ಮೀ. ಇದ್ದದ್ದು 200 ಆಗಿಯೇ ಇರುತ್ತದೆ. ಕಡಿಮೆಯಾಗುವುದು ಚಕ್ರಕ್ಕೂ ಕೆಳಗಿನ ಟೀಗೂ ನಡುವಿನ ಜಾಗ. ಆದ್ದರಿಂದಲೇ ಶಾಕ್ ಪೂರ್ತಿ ಕುಗ್ಗಿದಾಗ ಮಡ್‌ಗಾರ್ಡ್ ಹೋಗಿ ಟೀಗೆ ಬಡಿಯುತ್ತದೋ ಎಂದು ನೋಡಬೇಕು. ಎರಡನೆಯದು ಪ್ರಿಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟಿರುವ ಪ್ರಮಾಣ, ಕಡಿಮೆ ಮಾಡುವುದು. ಸವಾರ ಕುಳಿತ ಕೂಡಲೆ ಬೈಕು ಮೊದಲಿಗಿಂತ ಹೆಚ್ಚು ಕೆಳಗೆ ಕೂರುತ್ತದೆ, ಕುಗ್ಗುವ ಉದ್ದದಲ್ಲಿ ಒಂದು ಪಾಲು ಕುಳಿತಾಗಲೇ ಖರ್ಚಾಗುತ್ತದೆ. ಇದಕ್ಕೆ ಮೆಕ್ಯಾನಿಕ್ಕುಗಳು ‘ಸ್ಪ್ರಿಂಗ್ ಸಾಫ್ಟ್ ಮಾಡಿದೆ’ ಅನ್ನುತ್ತಾರೆ. ತಪ್ಪು. ಸ್ಪ್ರಿಂಗಿನ ಗಡಸುತನ ಕಿಂಚಿತ್ತೂ ಬದಲಾಗಿಲ್ಲ, ಅದು ನಿಲ್ಲುವ ಮಟ್ಟ ಬದಲಾಗಿದೆ ಅಷ್ಟೆ. ಮೂರನೆಯದು ಶಾಕ್ ಬಿಚ್ಚಿ ಒಳಗೆ ತಡೆಯುವ ಸ್ಪೇಸರ್ ಹಾಕಿ ಕುಗ್ಗುವ ಉದ್ದವನ್ನೇ ಕಡಿಮೆ ಮಾಡುವುದು. ಇಂಗ್ಲಿಷ್ ಈ ಮೂರಕ್ಕೂ ‘ಲೋವರ್’ ಎಂಬ ಒಂದೇ ಕ್ರಿಯಾಪದ ಹಾಕಿ ಕೈತೊಳೆದುಕೊಂಡಿದೆ. ನಾವು ಅದನ್ನೇ ಹಿಂಬಾಲಿಸಬೇಕಾಗಿಲ್ಲ.

ಮೊದಲನೆಯದಕ್ಕೆ ‘ತಗ್ಗಿಸು’, ಮೂರನೆಯದಕ್ಕೆ ‘ಮೊಟಕು ಮಾಡು’ ಇರಲಿ. ಎರಡನೆಯದಕ್ಕೆ ನನ್ನ ಮನಸ್ಸಿನಲ್ಲಿರುವುದು ‘ಜಗ್ಗು’. ಭಾರಕ್ಕೆ ಕೊಂಬೆ ಜಗ್ಗುತ್ತದೆ, ಅಟ್ಟದ ಹಲಗೆ ಜಗ್ಗುತ್ತದೆ. ಸವಾರ ಕುಳಿತಾಗ ಬೈಕು ಎಷ್ಟು ಜಗ್ಗಿತು ಎಂಬ ಅಳತೆಗೆ ‘ಜಗ್ಗಳತೆ’ ಎಂದು ಬರೆದು ನೋಡಿದೆ. ಕುಗ್ಗುವ ಉದ್ದದ ಮೂರರಲ್ಲಿ ಒಂದು ಪಾಲಿನ ಆಸುಪಾಸು ಜಗ್ಗುವುದು ರಸ್ತೆಯ ಬೈಕಿಗೆ ಸರಿ ಎಂಬ ಲೆಕ್ಕ ಇದರಲ್ಲಿ ಚೊಕ್ಕವಾಗಿ ಬರುತ್ತದೆ. ಉತ್ತರದ ಕಡೆಯ ಕನ್ನಡಿಗರು ಒಪ್ಪುವುದು ಕಷ್ಟ, ಅವರಿಗೆ ‘ಜಗ್ಗು’ ಎಂದರೆ ಎಳೆಯುವುದು. ಹಗ್ಗಜಗ್ಗಾಟದಲ್ಲಿ ನಮಗೂ ಅದೇ ಅರ್ಥ. ಆದರೆ ‘ಯಾರ ಬೆದರಿಕೆಗೂ ಜಗ್ಗದವನು’ ಎಂದು ಎಲ್ಲ ಕಡೆಯ ಪತ್ರಿಕೆಗಳೂ ಬರೆಯುತ್ತವೆ. ಅಲ್ಲಿರುವುದು ಎಳೆಯುವ ಅರ್ಥವಲ್ಲ, ಒತ್ತಡಕ್ಕೆ ಬಗ್ಗುವ ಅರ್ಥ. ಹಾಗಾಗಿ ಪದ ಕರಾವಳಿಯವರ ಖಾಸಗಿ ಸೊತ್ತೇನಲ್ಲ.

ಕುಗ್ಗುವ ಉದ್ದಕ್ಕೆ ಒಬ್ಬರು ‘ಆಟ’ ಎಂಬ ಪದ ಸೂಚಿಸಿದರು. ಕೇಳಲು ಚೆಂದ. ಆದರೆ ಗ್ಯಾರೇಜಿನಲ್ಲಿ ‘ಹ್ಯಾಂಡಲ್‌ನಲ್ಲಿ ಆಟ ಉಂಟು’ ಎಂದರೆ ಹ್ಯಾಂಡಲ್ ತಿರುಗುವಲ್ಲಿನ ಬೇರಿಂಗು, ಅಂದರೆ ಕೋನ್ ಸೆಟ್, ಸವೆದಿದೆ ಎಂದು ಅರ್ಥ. ‘ಶಾಕ್‌ಗೆ 200 ಮಿ.ಮೀ. ಆಟ ಉಂಟು’ ಎಂದು ಬರೆದರೆ ಮೆಕ್ಯಾನಿಕ್ ಬೈಕನ್ನು ಗುಜರಿಗೆ ಹಾಕಲು ಹೇಳಿಯಾನು.

ಫೋರ್ಕು ನೆಟ್ಟಗಿಲ್ಲದೆ ವಾಲಿಕೊಂಡಿರುವ ಕೋನಕ್ಕೆ ‘ಓರೆ’ ಎಂದಿದ್ದೇನೆ, ಇದರಲ್ಲಿ ಚರ್ಚೆಗೆ ಹೆಚ್ಚೇನಿಲ್ಲ. ಆದರೆ ಟಿಪ್ಪಣಿಯಲ್ಲಿ ಅದು ಬೇಕೇ ಬೇಕು. ಹಿಂಭಾಗ ಹಾಗೇ ಬಿಟ್ಟು ಮುಂಭಾಗ ಮಾತ್ರ ತಗ್ಗಿಸಿದರೆ ಓರೆ ಕಡಿಮೆಯಾಗುತ್ತದೆ. ಎರಡು ಚಕ್ರಗಳ ನಡುವೆ ಸುಮಾರು 1,450 ಮಿ.ಮೀ. ಇರುವ ಬೈಕಿನಲ್ಲಿ 10 ಮಿ.ಮೀ. ತಗ್ಗಿಸಿದರೆ ಕೋನ 0.4 ಡಿಗ್ರಿಯಷ್ಟು ಬದಲಾಗುತ್ತದೆ. ತಿರುವಿನಲ್ಲಿ ಬೈಕು ಚುರುಕಾಗುತ್ತದೆ, ವೇಗದಲ್ಲಿ ನೆಟ್ಟಗೆ ಓಡುವ ಗಟ್ಟಿತನ ಕಡಿಮೆಯಾಗುತ್ತದೆ. ಲಗೇಜು ಪೆಟ್ಟಿಗೆ ಕಟ್ಟಿಕೊಂಡು ಹೋಗುವವರಿಗೆ ಇದು ಸಣ್ಣ ಮಾತಲ್ಲ. ಅದಕ್ಕೇ ಹಿಂದಿನದನ್ನೂ ತಕ್ಕಷ್ಟು ತಗ್ಗಿಸಬೇಕು. ಹಾಗೆ ಮಾಡಿದಾಗ ಸೈಡ್ ಸ್ಟ್ಯಾಂಡ್ ಉದ್ದವಾಗಿಬಿಟ್ಟು, ಬೈಕು ಅದರ ಮೇಲೆ ಸಾಕಷ್ಟು ವಾಲದೆ ಆಚೆ ಬದಿಗೆ ಮಗುಚುವ ಭಯ ಉಂಟು. ಸೀಟಿನ ಸ್ಪಂಜು ಕೆತ್ತಿಸುವುದೇ ಕ್ಷೇಮ ಎಂದು ನನ್ನ ಅಭಿಪ್ರಾಯ. ಆದರೆ ಕೇಳುವವರು ಯಾರು.

ಬಿಡಿಭಾಗಗಳಲ್ಲಿ ‘ಟೀ’ ಸರಿ, ‘ಕೋನ್ ಸೆಟ್’ ಸರಿ. ಕೆಳಗಿನ ದಪ್ಪ ಕೊಳವೆಗೆ ‘ಬಾಟ್ಲಿ’ ಅನ್ನುತ್ತಾರೆ, ಎಣ್ಣೆ ತುಂಬಿರುವುದರಿಂದ ಇರಬಹುದು. ಹೊಸ 450ರಂಥ ಬೈಕುಗಳಲ್ಲಿ ಫೋರ್ಕು ತಲೆಕೆಳಗು. ದಪ್ಪ ಕೊಳವೆ ಮೇಲೆ ಟೀಯೊಳಗೆ, ತೆಳ್ಳಗಿನದು ಕೆಳಗೆ ಚಕ್ರದ ಬಳಿ. ಈಗ ‘ಬಾಟ್ಲಿ’ ಯಾವುದು? ದಪ್ಪಗಿರುವುದೋ, ಕೆಳಗಿರುವುದೋ? ಇಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ತೋರಿಸುತ್ತಾರೆ.

ನಾನು ಕೇಳುವುದು ಇಷ್ಟು. ಹೊಸೂರು, ಆದವಾನಿ, ರಾಯದುರ್ಗ, ಅಕ್ಕಲಕೋಟೆ ಕಡೆಯ ಕನ್ನಡ ಮಾತಾಡುವ ಮೆಕ್ಯಾನಿಕ್ಕುಗಳು ಬೈಕಿನ ಎತ್ತರ ಕಡಿಮೆ ಮಾಡುವುದಕ್ಕೆ ಯಾವ ಕ್ರಿಯಾಪದ ಬಳಸುತ್ತಾರೆ? ‘ಇಳಿಸು’ ಎಂದರೆ ನಿಮ್ಮಲ್ಲೂ ಬಿಚ್ಚುವ ಅರ್ಥವೇ? ಸವಾರ ಕುಳಿತಾಗ ಬೈಕು ಕೆಳಗೆ ಕೂರುವುದಕ್ಕೆ ‘ಜಗ್ಗು’ ಬಿಟ್ಟು ಬೇರೆ ಮಾತುಂಟೇ? ಕಚೇರಿಯಲ್ಲಿ ಕಟ್ಟಿದ ಪದ ಬೇಡ, ಗ್ಯಾರೇಜಿನಲ್ಲಿ ಕಿವಿಗೆ ಬಿದ್ದದ್ದನ್ನು ಆ ಇಡೀ ವಾಕ್ಯದೊಂದಿಗೆ ಬರೆದರೆ ಉಪಕಾರವಾದೀತು.