ಬೇಕೆಂದೇ ಅಮಾನ್ಯ ಇನ್‌ಸ್ಟ್ರಕ್ಷನ್ ಓಡಿಸುವ ಕಂಪೈಲರ್ ಪರೀಕ್ಷೆ ಆರ್ಮ್64ರಲ್ಲಿ ಫೇಲ್ ಆಗುತ್ತಿದೆ

ಪ್ರಶ್ನೆ:
ಪ್ರೋಗ್ರಾಂ ಬೇಕೆಂದೇ ಅಮಾನ್ಯ ಇನ್‌ಸ್ಟ್ರಕ್ಷನ್ ಓಡಿಸಿ ನಿಂತುಹೋಗಬೇಕೆಂಬ ಪರೀಕ್ಷೆಯೊಂದು ನಮ್ಮಲ್ಲಿದೆ. ಅದರಲ್ಲಿರುವುದು ಜಿಸಿಸಿ ಕಂಪೈಲರಿನ ಬಿಲ್ಟಿನ್ ಟ್ರ್ಯಾಪ್ (ಪ್ರೋಗ್ರಾಮನ್ನು ಅಲ್ಲೇ ನಿಲ್ಲಿಸಲು ಕಂಪೈಲರಿನಲ್ಲೇ ಇರುವ ಫಂಕ್ಷನ್) ಕರೆ ಮಾತ್ರ. ಶೆಲ್ ಸ್ಕ್ರಿಪ್ಟಿಗೆ ಎಕ್ಸಿಟ್ ಕೋಡ್ 132 ಸಿಕ್ಕಿದರೆ ಪಾಸ್. ಎಕ್ಸ್86-64 ಪ್ರೊಸೆಸರಿನ ಲಿನಕ್ಸ್‌ನಲ್ಲಿ ಸರಿಯಾಗಿಯೇ ಇದ್ದ ಈ ಪರೀಕ್ಷೆಗೆ ಆರ್ಮ್64 ಪ್ರೊಸೆಸರಿನಲ್ಲಿ 133 ಬರುತ್ತಿದೆ. ಇದರ ಜೊತೆಗಿರುವ, ಸಿಗ್ನಲನ್ನು (ದೋಷವಾದಾಗ ಕರ್ನಲ್ ಪ್ರೋಗ್ರಾಮಿಗೆ ಕಳಿಸುವ ಸೂಚನೆ) ಹ್ಯಾಂಡ್ಲರಿನಲ್ಲಿ (ಅದು ಬಂದಾಗ ಓಡುವ ಫಂಕ್ಷನ್) ಹಿಡಿದು ಮುಂದುವರಿಯಬೇಕಾದ ಇನ್ನೊಂದು ಪರೀಕ್ಷೆಯಂತೂ ಎಕ್ಸ್86ರಲ್ಲೇ ಮುಗಿಯದೆ ಟೈಮ್‌ಔಟ್ ಆಗುತ್ತದೆ. 133ನ್ನೂ ಒಪ್ಪುವಂತೆ ಸ್ಕ್ರಿಪ್ಟನ್ನು ತಿದ್ದಿದರೆ ಸಾಕೇ?

ಉತ್ತರ 1:
ಕಂಪೈಲರಿನಲ್ಲಿ ದೋಷವಿಲ್ಲ. ಸಿಗ್ನಲಿನಿಂದ ಸತ್ತ ಪ್ರೋಗ್ರಾಮಿಗೆ ಶೆಲ್ 128ಕ್ಕೆ ಸಿಗ್ನಲ್ ಸಂಖ್ಯೆಯನ್ನು ಕೂಡಿಸಿ ಕೊಡುತ್ತದೆ. ಅಮಾನ್ಯ ಇನ್‌ಸ್ಟ್ರಕ್ಷನ್ನಿನ ಸಿಗ್ನಲ್ ಆದ ಸಿಗ್‌ಇಲ್ 4, ಬ್ರೇಕ್‌ಪಾಯಿಂಟಿನ ಸಿಗ್ನಲ್ ಆದ ಸಿಗ್‌ಟ್ರ್ಯಾಪ್ 5. ಆ ಕರೆಗೆ ಜಿಸಿಸಿ ಎಕ್ಸ್86ರಲ್ಲಿ ಬೇಕೆಂದೇ ಅಮಾನ್ಯವಾಗಿಟ್ಟ ಯುಡಿ2 ಇನ್‌ಸ್ಟ್ರಕ್ಷನ್ ಹೊರಡಿಸುತ್ತದೆ, ಆರ್ಮ್64ರಲ್ಲಿ ಬಿಆರ್‌ಕೆ ಹೊರಡಿಸುತ್ತದೆ. ಎರಡನೆಯದು ಡೀಬಗರಿನ ಬ್ರೇಕ್‌ಪಾಯಿಂಟಿಗಾಗಿ ಇರುವ ಮಾನ್ಯ ಇನ್‌ಸ್ಟ್ರಕ್ಷನ್ ಆದ್ದರಿಂದ ಕರ್ನಲ್ ಸಿಗ್‌ಟ್ರ್ಯಾಪ್ ಕಳಿಸುತ್ತದೆ. ಪ್ರೋಗ್ರಾಂ ಅಸಹಜವಾಗಿ ನಿಲ್ಲುತ್ತದೆ ಎಂಬುದಷ್ಟೇ ಜಿಸಿಸಿ ಕೈಪಿಡಿಯ ಭರವಸೆ. ಹೇಗೆ ಎಂಬುದು ಆಯಾ ಪ್ರೊಸೆಸರಿಗೆ ಬಿಟ್ಟದ್ದು. ಹಾಗಾಗಿ 133ನ್ನೂ ಸೇರಿಸಿಬಿಡಿ.

ಉತ್ತರ 2:
ಸೇರಿಸುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ನಾಳೆ ಇನ್ನೊಂದು ಪ್ರೊಸೆಸರ್ ಬಂದಾಗ ಇದೇ ಚರ್ಚೆ ಮತ್ತೆ ನಡೆಯುತ್ತದೆ. ಪರೀಕ್ಷೆ ಏನನ್ನು ಪರೀಕ್ಷಿಸುತ್ತಿದೆ ಎಂಬುದನ್ನು ಮೊದಲು ತೀರ್ಮಾನಿಸಿ. ಬಿಲ್ಟಿನ್ನನ್ನೇ ಪರೀಕ್ಷಿಸುವುದಾದರೆ, ಯಾವ ಸಿಗ್ನಲ್ ಎಂದು ಕೇಳದೆ, ಅಸಹಜವಾಗಿ ನಿಂತಿತೇ ಎಂದಷ್ಟೇ ನೋಡಿ. ನಿಜಕ್ಕೂ ಅಮಾನ್ಯ ಇನ್‌ಸ್ಟ್ರಕ್ಷನ್ನೇ ಬೇಕಾದರೆ ಬಿಲ್ಟಿನ್ ಬಿಟ್ಟು ಇನ್‌ಲೈನ್ ಅಸೆಂಬ್ಲಿಯಲ್ಲಿ ಎಕ್ಸ್86ಕ್ಕೆ ಯುಡಿ2, ಆರ್ಮ್64ಕ್ಕೆ ಅಂಥದ್ದೇ ಆದ ಯುಡಿಎಫ್ ಬರೆಯಿರಿ. ಆಗ ಲಿನಕ್ಸ್‌ನಲ್ಲಿ ಎರಡೂ ಕಡೆ ಸಿಗ್‌ಇಲ್ ಬರುತ್ತದೆ. ಇನ್ನೊಂದು ಮಾತು: 132ನ್ನು ತಾನಾಗಿಯೇ ಹಿಂದಿರುಗಿಸಿ ಸುಸೂತ್ರವಾಗಿ ಮುಗಿಯುವ ಪ್ರೋಗ್ರಾಂ ಕೂಡ ನಿಮ್ಮ ಸ್ಕ್ರಿಪ್ಟಿನಲ್ಲಿ ಪಾಸ್ ಆಗುತ್ತದೆ. ಪ್ರೋಗ್ರಾಂ ಸಿಗ್ನಲಿನಿಂದ ಸತ್ತಿತೇ, ತಾನಾಗಿ ಮುಗಿಯಿತೇ ಎಂದು ತಿಳಿಸುವ ವೇಟ್‌ಪಿಐಡಿ ಕರೆ ಕೊಡುವ ಸ್ಥಿತಿಯನ್ನು ನೋಡಿದರೆ ಈ ಗೊಂದಲವಿರುವುದಿಲ್ಲ.

ಉತ್ತರ 3:
ಟೈಮ್‌ಔಟಿನ ಕಾರಣ ಬೇರೆ. ಹ್ಯಾಂಡ್ಲರ್ ಸುಮ್ಮನೆ ಹಿಂದಿರುಗಿದರೆ ಪ್ರೊಸೆಸರ್ ಅದೇ ಇನ್‌ಸ್ಟ್ರಕ್ಷನನ್ನು ಮತ್ತೆ ಓಡಿಸುತ್ತದೆ, ಮತ್ತೆ ಸಿಗ್ನಲ್ ಬರುತ್ತದೆ, ಇದಕ್ಕೆ ಕೊನೆಯಿಲ್ಲ. ಹಿಂದಿರುಗಬೇಕಾದ ಜಾಗವನ್ನು ಗುರುತಿಡುವ ಸಿಗ್‌ಸೆಟ್‌ಜಂಪ್, ಅಲ್ಲಿಗೆ ಹಾರುವ ಸಿಗ್‌ಲಾಂಗ್‌ಜಂಪ್ ಬಳಸಿ ಹೊರಬನ್ನಿ. ಮೊದಲನೆಯದರ ಎರಡನೇ ಆರ್ಗ್ಯುಮೆಂಟ್ ಸೊನ್ನೆಯಾಗಿರಬಾರದು. ಸೊನ್ನೆಯಾಗಿದ್ದರೆ ಸಿಗ್ನಲ್ ಮಾಸ್ಕ್ (ತಡೆಹಿಡಿದ ಸಿಗ್ನಲುಗಳ ಪಟ್ಟಿ) ಹಿಂದಿನಂತಾಗದೆ ಸಿಗ್‌ಇಲ್ ತಡೆಯಲ್ಲೇ ಉಳಿಯುತ್ತದೆ, ಎರಡನೆಯ ಸಲ ಅದು ಬಂದಾಗ ಹ್ಯಾಂಡ್ಲರಿಗೆ ಅವಕಾಶ ಕೊಡದೆ ಕರ್ನಲ್ ಪ್ರೋಗ್ರಾಮನ್ನೇ ಮುಗಿಸುತ್ತದೆ.

ಪ್ರಶ್ನೆ ಕೇಳಿದವರು:
ಯುಡಿ2 ಎರಡು ಬೈಟಿನದಲ್ಲವೇ? ಹ್ಯಾಂಡ್ಲರಿನಲ್ಲಿ ಪ್ರೋಗ್ರಾಂ ಕೌಂಟರನ್ನು (ಓಡಿಸಬೇಕಾದ ಇನ್‌ಸ್ಟ್ರಕ್ಷನ್ನಿನ ವಿಳಾಸ) ಎರಡು ಬೈಟ್ ಮುಂದೆ ಸರಿಸಿದರೆ ಆಗದೇ?

ಉತ್ತರ 3:
ಅಸೆಂಬ್ಲಿಯಲ್ಲಿ ಬರೆದ ಯುಡಿ2ಗೆ ಆದೀತು, ಬಿಲ್ಟಿನ್‌ಗೆ ಆಗದು. ಬಿಲ್ಟಿನ್ ಹಿಂದಿರುಗುವುದೇ ಇಲ್ಲವೆಂದು ತಿಳಿದಿರುವ ಕಂಪೈಲರ್ ಅದರ ಮುಂದಿನ ಸಾಲುಗಳಿಗೆ ಕೋಡನ್ನು ಹೊರಡಿಸಬೇಕಾಗಿಲ್ಲ. ಎರಡು ಬೈಟ್ ದಾಟಿದರೆ ನೀವು ಪಕ್ಕದ ಫಂಕ್ಷನ್ನಿನೊಳಗೆ ಬೀಳಬಹುದು. ಅಂದಹಾಗೆ, ಸಾಯುವ ಪ್ರೋಗ್ರಾಮನ್ನು ಓಡಿಸುವ ಮುನ್ನ ಕೋರ್ ಫೈಲಿನ (ಸತ್ತ ಪ್ರೋಗ್ರಾಮಿನ ಮೆಮೊರಿಯ ನಕಲು) ಮಿತಿಯನ್ನು ಸೊನ್ನೆ ಮಾಡಿ, ಇಲ್ಲವಾದರೆ ಪರೀಕ್ಷಾ ಯಂತ್ರದ ಡಿಸ್ಕ್ ತುಂಬುತ್ತಾ ಹೋಗಬಹುದು.